ನಜೀರ್‌ನ ‘ಜ’ ಯಾವ ಜ? ಪಾರಸಿ-ಅರಬ್ಬಿ-ಹೀಬ್ರೂ ಹೆಸರುಗಳ ಬೆನ್ನು ಹತ್ತುವವರಿಗೆ ಐದು ನಿಘಂಟುಗಳ ವಿಮರ್ಶೆ

ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಹೆಸರೊಂದರಲ್ಲೇ ಮೂರು ಭಾಷೆಗಳಿವೆ. ಇಬ್ರಾಹಿಂ ಎಂದರೆ ಹೀಬ್ರೂ ಬೈಬಲಿನ ಅವ್ರಾಹಾಮ್, ಸಿರಿಯಾಕ್ (ಪಶ್ಚಿಮ ಏಷ್ಯಾದ ಹಳೆಯ ಭಾಷೆ ಅರಮಾಯಿಕ್‌ನ ಒಂದು ರೂಪ) ದಾಟಿ ಅರಬ್ಬಿಗೆ ಬಂದವನು. ಆದಿಲ್ ಅಪ್ಪಟ ಅರಬ್ಬಿ, ‘ನ್ಯಾಯವಂತ’. ಶಾಹ ಪಾರಸಿ. ಇಷ್ಟನ್ನು ಕಿವಿಯಿಂದಲೇ ಹೇಳಿಬಿಡಬಹುದು. ದಾವೂದ್-ದಾವೀದ, ಮೂಸಾ-ಮೋಶೆ, ಯೂಸುಫ್-ಯೋಸೇಫ, ಸುಲೈಮಾನ್-ಸೊಲೊಮೋನ, ಇವಕ್ಕೂ ನಿಘಂಟು ಬೇಕಿಲ್ಲ.

ಕಿವಿ ಕೈಕೊಡುವುದು ಇದರಾಚೆ. ಮೀರ್ ಸಾದಿಕನ ‘ಮೀರ್’ ಮತ್ತು ಕೇರಳದ ಸಿರಿಯನ್ ಬಿಷಪ್ಪರ ಹೆಸರಿನ ಮೊದಲು ಬರುವ ‘ಮಾರ್’ ಒಂದೇನಾ? ‘ಮಲಿಕ್’ ದೊರೆ, ‘ಮಲಕ್’ ದೇವದೂತ. ಇಬ್ಬರಿಗೂ ಏನು ಸಂಬಂಧ? ಅಬ್ರಹಾಮನೂ ಬ್ರಹ್ಮನೂ ಒಬ್ಬನೇ ಎಂದು ವಾಟ್ಸಾಪ್‌ನಲ್ಲಿ ಸುತ್ತುವ ಮಾತಿಗೆ ಏನು ಉತ್ತರ? ಇಂಥ ಪ್ರಶ್ನೆ ಹಿಡಿದು ಕೂತವರಿಗೆ ಯಾವ ನಿಘಂಟು ಎಷ್ಟು ದೂರ ಜೊತೆಗೆ ಬರುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಈ ವಿಮರ್ಶೆಯ ವಿಷಯ. ತೆಗೆದುಕೊಂಡಿರುವವು: ಪ್ಲಾಟ್ಸ್‌ನ ಉರ್ದು ನಿಘಂಟು, ಸ್ಟೈನ್‌ಗಾಸ್‌ನ ಪಾರಸಿ ನಿಘಂಟು, ಹ್ಯಾನ್ಸ್ ವೇರ್‌ನ ಅರಬ್ಬಿ ನಿಘಂಟು, ಬ್ರೌನ್-ಡ್ರೈವರ್-ಬ್ರಿಗ್ಸ್ ಮೂವರ ಹೀಬ್ರೂ ನಿಘಂಟು, ಕೊನೆಗೆ ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಿಘಂಟು ವಿಕ್ಷನರಿ. ಅರ್ಥ ಕೊಡುವುದು ಎಲ್ಲ ನಿಘಂಟಿಗೂ ಬರುತ್ತದೆ. ಪದದ ಮೂಲ ಅಕ್ಷರಗಳನ್ನು ಬಿಡಿಸಿ ತೋರಿಸುತ್ತದೋ ಇಲ್ಲವೋ, ನಾವು ನೋಡುವುದು ಅದನ್ನು.

ಮೊದಲ ತೊಡಕು ನಮ್ಮ ಲಿಪಿಯದೇ. ಅರಬ್ಬಿಯಲ್ಲಿ ನಾಲ್ಕು ಬೇರೆ ಬೇರೆ ಉಚ್ಚಾರದ ಅಕ್ಷರಗಳಿವೆ. ಉರ್ದು ಓದಿದವರು ಅವನ್ನು ಜಾಲ್, ಜೇ, ಜ್ವಾದ್, ಜೋಯ್ ಎನ್ನುತ್ತಾರೆ. ಪಾರಸಿಯವರ ಬಾಯಲ್ಲಿ ನಾಲ್ಕೂ ಒಂದೇ ದನಿಯಾದವು, ಬರಹದಲ್ಲಿ ಮಾತ್ರ ನಾಲ್ಕಾಗಿಯೇ ಉಳಿದವು. ಕನ್ನಡಕ್ಕೆ ಬರುವಾಗ ಬರಹದ ಆ ಗುರುತೂ ಅಳಿಸಿಹೋಗಿ ಉಳಿದದ್ದು ಒಂದೇ ‘ಜ’. ‘ಸ’ದ ಕಥೆಯೂ ಹೀಗೇ: ಮೂರು ಅಕ್ಷರ, ಒಂದೇ ದನಿ. ಹೀಗಾಗಿ ಕನ್ನಡದಿಂದ ಹೊರಡುವವರು ಮೊದಲು ಕಳೆದುಹೋದ ಅಕ್ಷರವನ್ನು ಮರಳಿ ಪಡೆಯಬೇಕು. ಅದಿಲ್ಲದೆ ಹೀಬ್ರೂ ನಿಘಂಟು ತೆಗೆದು ಪ್ರಯೋಜನವಿಲ್ಲ.

ಪರೀಕ್ಷೆಗೆ ‘ನಜೀರ್’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಜಾಲ್ ಹಾಕಿ ಬರೆದರೆ ‘ಎಚ್ಚರಿಸುವವನು’. ಜೋಯ್ ಹಾಕಿದರೆ ‘ಸಾಟಿ, ಸಮಾನ’. ಬೆನಜೀರ್ ಎಂಬ ಹೆಸರು ಇದೇ ಪದಕ್ಕೆ ಪಾರಸಿಯ ‘ಬೇ’ ಸೇರಿ ‘ಸಾಟಿಯಿಲ್ಲದವಳು’ ಆದದ್ದು. ಅದೇ ಜೋಯ್ ಇಟ್ಟುಕೊಂಡು ದೀರ್ಘವನ್ನು ಮುಂದಕ್ಕೆ ಸರಿಸಿದರೆ ‘ನಾಜಿರ್’, ನೋಡಿಕೊಳ್ಳುವವನು, ಅಂದರೆ ಮೇಲ್ವಿಚಾರಕ. ನಮ್ಮ ಸಿವಿಲ್ ಕೋರ್ಟುಗಳಲ್ಲಿ ಸಮನ್ಸ್ ಜಾರಿ ನೋಡಿಕೊಳ್ಳುವ ನಾಜರ್ ಈತನೇ. ನಜರಿನದೂ ಇದೇ ಗೋಜಲು. ‘ಅವನ ನಜರಿಗೆ ಬಿತ್ತು’ ಅನ್ನುವಾಗಿನ ನಜರು ಜೋಯ್‌ನದು, ‘ನೋಟ’. ಮೈಸೂರು ದರ್ಬಾರಿನಲ್ಲಿ ಒಪ್ಪಿಸುತ್ತಿದ್ದ ನಜರು, ಅದರಿಂದ ಬಂದ ನಜರಾಣೆ, ಜಾಲ್‌ನವು, ಮೂಲಾರ್ಥ ‘ಹರಕೆ’. ಕನ್ನಡದಲ್ಲಿ ಒಂದೇ ಪದದ ಎರಡು ಅರ್ಥ ಅನ್ನಿಸುವುದು ನಿಜಕ್ಕೂ ಎರಡು ಬೇರುಗಳು.

ಕಿಟ್ಟೆಲ್ ಕೋಶ (ಮಂಗಳೂರು, 1894) ಇಂಥ ಪದಗಳಿಗೆ ಹಿಂದೂಸ್ತಾನಿ ಎಂಬ ಗುರುತು ಹಾಕಿ ಅಲ್ಲಿಗೆ ನಿಲ್ಲುತ್ತದೆ. ಅದು ಕನ್ನಡದ ಕೋಶ, ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ. ಅಲ್ಲಿಂದ ಮುಂದಿನ ನಿಲ್ದಾಣ ಪ್ಲಾಟ್ಸ್.

1884ರಲ್ಲಿ ಲಂಡನ್ನಿನಲ್ಲಿ ಬಂದ ಈ ಉರ್ದು-ಹಿಂದಿ-ಇಂಗ್ಲಿಷ್ ನಿಘಂಟು ಚಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ನಿಘಂಟುಗಳ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ರೋಮನ್ ಅಕ್ಷರದಲ್ಲೇ ಹುಡುಕಬಹುದು. ಪ್ರತಿ ಪದದ ತಲೆಯಲ್ಲೇ ಅದು ಅರಬ್ಬಿಯೋ ಪಾರಸಿಯೋ ಸಂಸ್ಕೃತವೋ ದೇಶಿಯೋ ಎಂದು ಒಂದಕ್ಷರದ ಗುರುತು. ನಮ್ಮ ಕೆಲಸದ ಅರ್ಧ ಈ ಒಂದಕ್ಷರದಲ್ಲೇ ಮುಗಿಯುತ್ತದೆ. ಕನ್ನಡಕ್ಕೆ ಈ ಪದಗಳು ಬಹುಪಾಲು ದಖನಿ-ಹಿಂದೂಸ್ತಾನಿಯ ಮೂಲಕವೇ ಬಂದಿರುವುದರಿಂದ, ನಮಗೆ ಗೊತ್ತಿರುವ ಅರ್ಥಗಳು ಪಾರಸಿ ನಿಘಂಟಿಗಿಂತ ಇಲ್ಲೇ ಹೆಚ್ಚು ಸಿಗುತ್ತವೆ. ‘ಅಮಲ್’ ತೆಗೆದರೆ ಕೆಲಸ, ಆಡಳಿತ ಎಂಬ ಅರ್ಥಗಳ ಜೊತೆಗೇ ನಶೆಯೂ ಇದೆ. ಅಮಲ್ದಾರನ ಅಮಲೂ ಹೆಂಡದ ಅಮಲೂ ಒಂದೇ ಮನೆಯವು ಎಂದು ಅಲ್ಲೇ ತಿಳಿಯುತ್ತದೆ. ಇದೇ ಪದ ಹೀಬ್ರೂವಿನಲ್ಲೂ ‘ಆಮಾಲ್’ ಎಂದಿದೆ, ಅರ್ಥ ‘ದುಡಿತ, ಪಾಡು’. ಇನ್ನು ‘ದಾರ್’ ಪಾರಸಿಯದು, ‘ಹಿಡಿದವನು’, ನಮ್ಮ ಗಿರಿಧರ-ಭೂಧರರ ‘ಧರ’ನಿಗೆ ದಾಯಾದಿ. ತಾಲ್ಲೂಕು ಕಚೇರಿಯ ಅಮಲ್ದಾರನ ಹೆಸರಲ್ಲಿ ಎರಡು ಭಾಷಾಕುಟುಂಬಗಳ ಮದುವೆ ಆಗಿಹೋಗಿದೆ.

ಪ್ಲಾಟ್ಸ್ ಬಳಸುವಾಗ ಒಂದು ಎಚ್ಚರ. ನಾಲ್ಕು ಜಕಾರಕ್ಕೂ ರೋಮನ್ ‘ಝಡ್’ ಒಂದೇ, ಮೇಲೆ ಕೆಳಗೆ ಚುಕ್ಕೆ, ಗೆರೆ ಮಾತ್ರ ಬೇರೆ. ನಕಲು ಮಾಡಿ ಇನ್ನೆಲ್ಲೋ ಅಂಟಿಸಿದಾಗ ಫಾಂಟ್ ಸರಿಯಿಲ್ಲದಿದ್ದರೆ ಚುಕ್ಕೆಗಳು ಉದುರಿಹೋಗಿ ನೀವು ಮತ್ತೆ ಹೊರಟಲ್ಲಿಗೇ ಬರುತ್ತೀರಿ. ರೋಮನ್ ರೂಪವನ್ನು ನಂಬದೆ ಪಕ್ಕದ ಉರ್ದು ಲಿಪಿಯ ರೂಪವನ್ನೇ ಬರೆದಿಟ್ಟುಕೊಳ್ಳುವುದು ಲೇಸು. ಇನ್ನು ಅವನು ಪಾರಸಿ ಪದಗಳಿಗೆ ಕೊಡುವ ಅವೆಸ್ತಾ, ಪಹ್ಲವಿ (ಇರಾನಿನ ಹಳೆಯ ಭಾಷೆಗಳು) ರೂಪಗಳು 19ನೇ ಶತಮಾನದ ವಿದ್ವತ್ತು. ದಿಕ್ಕು ತೋರಿಸಲು ಸಾಕು, ಆಣೆ ಹಾಕಲು ಸಾಲದು.

ಸ್ಟೈನ್‌ಗಾಸ್ (1892) ಅದೇ ತಾಣದಲ್ಲಿದೆ. ಮುದ್ರಿತ ರೂಪ 1539 ಪುಟ. ಪಾರಸಿ ಸಾಹಿತ್ಯದಲ್ಲಿ ಬರುವ ಅರಬ್ಬಿ ಪದಗಳನ್ನೂ ಒಳಗೊಂಡಿದೆ. ಬಿರುದುಗಳ ವಿಷಯಕ್ಕೆ ಬಂದರೆ ಇದರಷ್ಟು ಧಾರಾಳಿ ಇನ್ನೊಂದಿಲ್ಲ: ಶಾಹ, ಮೀರ್, ಖಾನ್ ಯಾವುದನ್ನು ತೆಗೆದರೂ ಸಮಾಸಗಳ ಸಾಲೇ ಬರುತ್ತದೆ. ಉಚ್ಚಾರವೂ ನಮಗೆ ಹತ್ತಿರ. ‘ದಿನ’ಕ್ಕೆ ಅವನು ‘ರೋಜ್’ ಎಂದೇ ಬರೆಯುತ್ತಾನೆ, ಈಗಿನ ಇರಾನಿನವರು ‘ರೂಜ್’ ಎನ್ನುವುದನ್ನು ಪಕ್ಕದಲ್ಲಿ ಹೇಳುತ್ತಾನೆ. ಭಾರತಕ್ಕೆ ಬಂದ ಪಾರಸಿ ಹಳೆಯ ಏಕಾರ, ಓಕಾರ ಉಳಿಸಿಕೊಂಡ ಪಾರಸಿ. ಟೆಹರಾನಿನ ಇಂದಿನ ಮಾತಿಗೆ ಮಾಡಿದ ಆ್ಯಪ್ ಹಿಡಿದು ನಮ್ಮ ಹೆಸರು ಹುಡುಕಿದರೆ ಅರ್ಧಕ್ಕರ್ಧ ಸಿಗುವುದಿಲ್ಲ.

ಆದರೆ ಬೇರು ಹುಡುಕಲು ಸ್ಟೈನ್‌ಗಾಸ್ ಒಳ್ಳೆಯ ಜೊತೆಗಾರನಲ್ಲ. ಪದಗಳನ್ನು ಬರಹದ ಅಕಾರಾದಿಯಲ್ಲಿ ಇಟ್ಟಿದ್ದಾನೆ, ಒಂದೇ ಧಾತುವಿನ ಮಕ್ಕಳು ನೂರಾರು ಪುಟ ದೂರ ದೂರ ಬಿದ್ದಿರುತ್ತಾರೆ. ಹುಡುಕು ಪೆಟ್ಟಿಗೆಯಲ್ಲಿ ಲಿಪಿ ಹಾಕುವಾಗ ಇನ್ನೊಂದು ಕಿರಿಕಿರಿ: ಅರಬ್ಬಿ ಕೀಲಿಮಣೆಯ ಕಾಫ್, ಯೇ ಅಕ್ಷರಗಳಿಗೂ ಪಾರಸಿ ಕೀಲಿಮಣೆಯ ಕಾಫ್, ಯೇಗೂ ಯೂನಿಕೋಡ್ ಸಂಕೇತ ಬೇರೆ ಬೇರೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ‘ಮಲಿಕ್’ ಸಿಗಲಿಲ್ಲ ಎಂದರೆ ಪದ ಇಲ್ಲ ಎಂದು ತೀರ್ಮಾನಿಸುವ ಮೊದಲು ಇನ್ನೊಂದು ಕಾಫ್ ಹಾಕಿ ನೋಡಿ. ಈ ತೊಂದರೆ ಯಾವುದೋ ಒಂದು ತಾಣದ್ದಲ್ಲ, ಈ ಲಿಪಿಯಲ್ಲಿ ಹುಡುಕುವ ಎಲ್ಲ ಕಡೆಯದು.

ಅಕ್ಷರ ಗೊತ್ತಾದ ಮೇಲೆ ಹ್ಯಾನ್ಸ್ ವೇರ್. ಜರ್ಮನ್ ಮೂಲ 1952ರದು, ಮಿಲ್ಟನ್ ಕೋವನ್ ಸಂಪಾದಿಸಿದ ಇಂಗ್ಲಿಷ್ ರೂಪ 1961ರದು, ವಿಸ್ತರಿಸಿದ ನಾಲ್ಕನೇ ಆವೃತ್ತಿ 1979ರದು. ಕೊಳ್ಳುವುದಾದರೆ ನಾಲ್ಕನೆಯದನ್ನೇ ಕೊಳ್ಳಿ. ಇಲ್ಲಿ ಎಲ್ಲವೂ ಧಾತುವಿನ ಕೆಳಗೆ. ಹಕೀಮ (ವೈದ್ಯ, ಜ್ಞಾನಿ), ಹಾಕಿಮ (ಅಧಿಕಾರಿ), ಹುಕುಂ (ಆಜ್ಞೆ), ಹುಕೂಮತ್ (ಆಡಳಿತ) ಎಲ್ಲ ಹ-ಕ-ಮ ಎಂಬ ಮೂರಕ್ಷರದಡಿ ಒಂದೇ ಕಡೆ. ಹೀಬ್ರೂವಿನಲ್ಲಿ ಇದೇ ಮೂರಕ್ಷರ ‘ಹಾಖಾಮ್’ ಆಗಿ ಜ್ಞಾನಿಗೆ, ಯಹೂದಿ ಪಂಡಿತನ ಬಿರುದಿಗೆ ನಿಂತಿದೆ. ಹೀಗೆ ಒಂದು ಪುಟದಲ್ಲಿ ಮನೆಮಂದಿಯನ್ನೆಲ್ಲ ನೋಡುವ ಅನುಕೂಲ ಬೇರೆಲ್ಲೂ ಇಷ್ಟು ಸಲೀಸಾಗಿ ಸಿಗದು.

ಧಾತುವಿನ ಕ್ರಮಕ್ಕೆ ಒಗ್ಗಿಕೊಳ್ಳಲು ಹೊಸಬರಿಗೆ ಒಂದೆರಡು ವಾರ ಬೇಕು. ಪದದ ಮುಂದಿನ ಮಕಾರ, ಹಿಂದಿನ ತಕಾರ, ನಡುವಿನ ದೀರ್ಘಗಳನ್ನು ಕಳಚಿ ಮೂರು ವ್ಯಂಜನ ಉಳಿಸುವ ಅಭ್ಯಾಸ ಅದು. ವೇರ್‌ನ ಮಿತಿ ಎರಡು. ಇದು ಆಧುನಿಕ ಬರಹದ ಅರಬ್ಬಿಯ ಕೋಶ, ಪದ ಎಲ್ಲಿಂದ ಬಂತೆಂದು ಚರ್ಚಿಸುವುದಿಲ್ಲ. ಎರಡನೆಯದು ಹೆಚ್ಚು ಅಪಾಯದ್ದು: ಬೇರೆ ಭಾಷೆಯಿಂದ ಬಂದ ಹೆಸರಿಗೂ ನೀವೇ ಒಂದು ಅರಬ್ಬಿ ಧಾತು ಹುಡುಕಿಬಿಡಬಹುದು. ‘ಇಸ್‌ಹಾಕ್’ ಇದಕ್ಕೆ ಒಳ್ಳೆಯ ಉದಾಹರಣೆ. ಸ-ಹ-ಕ ಧಾತು ವೇರ್‌ನಲ್ಲಿದೆ, ಅರ್ಥ ‘ಅರೆ, ಪುಡಿ ಮಾಡು’. ಹಾಗಾದರೆ ಇಸಾಕ ಪುಡಿ ಮಾಡುವವನೇ? ಅಲ್ಲ. ಹೀಬ್ರೂವಿನ ‘ಯಿತ್ಸ್‌ಹಾಕ್’ ಎಂದರೆ ‘ನಗುತ್ತಾನೆ’. ಅದರ ‘ತ್ಸ’, ಅಂದರೆ ತ್ಸಾದೆ ಅಕ್ಷರಕ್ಕೆ ಅರಬ್ಬಿಯಲ್ಲಿ ಸಮನಾದದ್ದು ಜ್ವಾದ್, ನಗುವಿಗೆ ಅರಬ್ಬಿ ಪದ ‘ದಹಿಕ’ ಕೂಡ ಅದೇ ಅಕ್ಷರದಿಂದಲೇ ಶುರು. ಹೆಸರು ಮಾತ್ರ ಅರಬ್ಬಿಯಲ್ಲಿ ಸೀನ್ (ಸ) ಹಾಕಿಕೊಂಡಿದೆ, ಏಕೆಂದರೆ ಅದು ಅಲ್ಲಿ ಹುಟ್ಟಿದ್ದಲ್ಲ, ಎರವಲು ಬಂದದ್ದು. ಹೀಬ್ರೂ ಬೈಬಲಿನಲ್ಲೂ ಕೀರ್ತನೆ 105:9, ಆಮೋಸ 7:9ರಂಥ ಕೆಲವೇ ಕಡೆ ಈ ಹೆಸರು ತ್ಸಾದೆ ಬಿಟ್ಟು ಸಿನ್‌ನಿಂದ ಬರೆದಿದೆ.

ಇದೇ ಈ ಕೆಲಸದ ಗುಟ್ಟು. ಸಾಮಾನ್ಯ ಪದಗಳು ಹೀಬ್ರೂವಿಗೂ ಅರಬ್ಬಿಗೂ ಒಂದೇ ಅಜ್ಜಿಯಿಂದ ಬಂದಿರುತ್ತವೆ, ಅಕ್ಷರಗಳ ನಡುವೆ ಕಟ್ಟುನಿಟ್ಟಿನ ಲೆಕ್ಕವಿರುತ್ತದೆ. ಹೆಸರುಗಳು ಕೈಯಿಂದ ಕೈಗೆ ದಾಟಿರುತ್ತವೆ, ಲೆಕ್ಕ ತಪ್ಪಿರುತ್ತದೆ. ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು. ಹೀಬ್ರೂ ಶಿನ್ ಇದ್ದಲ್ಲಿ ಅರಬ್ಬಿ ಸೀನ್: ಶಾಲೋಮ್-ಸಲಾಂ, ಶೆಮೆಶ್-ಶಮ್ಸ್‌ನ ಕೊನೆಯ ಅಕ್ಷರ. ಹೀಬ್ರೂವಿನ ಓಕಾರಕ್ಕೆ ಎಷ್ಟೋ ಕಡೆ ಅರಬ್ಬಿ ಆಕಾರ, ಅದೇ ಸಲಾಮಿನಲ್ಲಿ ಕಾಣುವಂತೆ. ನಮ್ಮ ನಾಲ್ಕು ಜಕಾರಗಳು ಹೀಬ್ರೂವಿಗೆ ಹೋದಾಗ ಎರಡು ಗುಂಪಾಗುತ್ತವೆ. ಜಾಲ್ ಮತ್ತು ಜೇಗೆ ಜಯಿನ್ ಅಕ್ಷರ: ಚಿನ್ನಕ್ಕೆ ಅರಬ್ಬಿ ‘ಜಹಬ್’, ಹೀಬ್ರೂ ‘ಜಾಹಾವ್’, ಆಲಿವ್‌ಗೆ ‘ಜೈತೂನ್’, ‘ಜಯಿತ್’. ಜ್ವಾದ್ ಮತ್ತು ಜೋಯ್‌ಗೆ ತ್ಸಾದೆ: ನೆಲಕ್ಕೆ ‘ಅರ್ದ್’ (ಉರ್ದುವಿನಲ್ಲಿ ಅರ್ಜ್), ‘ಎರೆತ್ಸ್’, ಮೂಳೆಗೆ ‘ಅಜ್ಮ್’, ‘ಎತ್ಸೆಮ್’.

ಈಗ ನಜೀರನನ್ನು ಹಿಡಿದು ಬ್ರೌನ್-ಡ್ರೈವರ್-ಬ್ರಿಗ್ಸ್‌ಗೆ ಹೋಗೋಣ. 1906ರ ಈ ಕೋಶದ ಹಕ್ಕುಸ್ವಾಮ್ಯ ಮುಗಿದಿದೆ. ಸೆಫಾರಿಯಾ ತಾಣದಲ್ಲಿ ಹೀಬ್ರೂ ಪಠ್ಯದ ಪದವೊಂದನ್ನು ಒತ್ತಿದರೆ ಇದರ ಜೊತೆಗೆ ಜ್ಯಾಸ್ಟ್ರೊ, ಕ್ಲೈನ್ ನಿಘಂಟುಗಳೂ ತೆರೆದುಕೊಳ್ಳುತ್ತವೆ. ಜಾಲ್‌ನ ಧಾತುವಿಗೆ ಜಯಿನ್ ಹಾಕಿದರೆ ಸಿಗುವುದು ‘ನಾಜೀರ್’, ವ್ರತ ತೊಟ್ಟವನು. ಬೈಬಲಿನ ಸಂಸೋನ ಹುಟ್ಟುವ ಮೊದಲೇ ಹಾಗೆ ಮೀಸಲಾದವನು. ಪಕ್ಕದಲ್ಲೇ ಹರಕೆಗೆ ‘ನೆದೆರ್’ ಇದೆ. ದರ್ಬಾರಿನ ನಜರು ಇವರ ಬಂಧು. ಜೋಯ್‌ನ ಧಾತುವಿಗೆ ತ್ಸಾದೆ ಹಾಕಿದರೆ ‘ನಾತ್ಸರ್’, ‘ಕಾವಲು ನೋಡು’. ಕೋರ್ಟಿನ ನಾಜರ್ ಇವನ ಬಂಧು. ಇಲ್ಲಿ ಒಂದು ಬಲೆಯಿದೆ, ಬಹಳ ಜನ ಬೀಳುತ್ತಾರೆ: ಹೀಬ್ರೂವಿನ ‘ನಾತ್ಸರ್’ ಕೇಳಲು ಅರಬ್ಬಿಯ ‘ನಸರ’ (ಸಹಾಯ ಮಾಡು, ನಾಸಿರ್, ನಸೀರ್ ಹೆಸರುಗಳ ಧಾತು) ಇದ್ದ ಹಾಗೇ ಇದೆ. ಆದರೆ ಅರ್ಥ ಕೂಡುವುದು ‘ನಜರ’ದ ಜೊತೆ. ಅರಮಾಯಿಕ್‌ನಲ್ಲಿ ಇದೇ ಧಾತು ‘ನ-ತ-ರ’ ಆಗಿದೆ, ಅಲ್ಲಿಂದ ಅರಬ್ಬಿಗೆ ‘ನಾತೂರ್’ (ಕಾವಲುಗಾರ) ಎಂದು ಎರವಲು ಬಂದಿದೆ. ಒಂದೇ ಧಾತು ಅರಬ್ಬಿಯಲ್ಲಿ ಎರಡು ವೇಷ.

ಈ ಹೀಬ್ರೂ ಕೋಶದ ದೊಡ್ಡ ಗುಣ, ಧಾತುವಿನ ತಲೆಯಲ್ಲೇ ಅರಬ್ಬಿ, ಅರಮಾಯಿಕ್, ಇಥಿಯೋಪಿಕ್ ಬಂಧುಗಳನ್ನು ಕೊಡುವುದು. ದೊಡ್ಡ ತೊಂದರೆಯೂ ಧಾತುವಿನ ಕ್ರಮವೇ. ‘ಮಲಾಖ್’ (ದೂತ) ಎಂಬುದನ್ನು ಮಕಾರದಲ್ಲಿ ಹುಡುಕಿದರೆ ಸಿಗದು, ‘ಕಳಿಸು’ ಎಂಬ ಅರ್ಥದ ಲ-ಆಲೆಫ್-ಕ ಧಾತುವಿನಡಿ ಇದೆ. ಈ ಒಂದು ನಮೂದು ನಮ್ಮ ಮಲಿಕ್-ಮಲಕ್ ಪ್ರಶ್ನೆಯನ್ನೇ ಬಗೆಹರಿಸುತ್ತದೆ. ದೊರೆಯ ‘ಮೆಲೆಖ್’ನಲ್ಲಿ ಮ ಮೂಲಾಕ್ಷರ, ದೂತನ ‘ಮಲಾಖ್’ನಲ್ಲಿ ಅದು ಬರೀ ಮುಂಪ್ರತ್ಯಯ. ಅರಬ್ಬಿಯಲ್ಲಿ ದೂತನ ಪದದ ನಡುವಿನ ಆಲೆಫ್, ಅಂದರೆ ಗಂಟಲಿನ ತಡೆ, ಸವೆದುಹೋಗಿ ಎರಡೂ ಒಂದೇ ಬರಹವಾಗಿವೆ. ಆದರೆ ಬಹುವಚನ ಸುಳ್ಳು ಹೇಳುವುದಿಲ್ಲ: ದೊರೆಗಳು ‘ಮುಲೂಕ್’, ದೂತರು ‘ಮಲಾಇಕ’. ಅನುಮಾನ ಬಂದಾಗೆಲ್ಲ ವೇರ್‌ನಲ್ಲಿ ಬಹುವಚನ ನೋಡುವುದು ಒಳ್ಳೆಯ ಅಭ್ಯಾಸ. ದೊರೆಯ ಸಂಸಾರ ನಮ್ಮಲ್ಲಿ ದೊಡ್ಡದು, ಮಾಲೀಕ, ಮಿಲ್ಕತ್ತು, ಉತ್ತರ ಕರ್ನಾಟಕದ ಹಿರಿಯರು ಪಾಸಾದ ಮುಲ್ಕಿ ಪರೀಕ್ಷೆ, ಎಲ್ಲ ಆ ಮನೆಯವೇ. ಕರಾವಳಿಯ ಮೂಲ್ಕಿ ಊರನ್ನು ದಯವಿಟ್ಟು ಇದರಲ್ಲಿ ಸೇರಿಸಬೇಡಿ.

ಮೀರ್-ಮಾರ್ ಕೂಡ ಇದೇ ದಾರಿಯಲ್ಲಿ ಬಿಡಿಸಿಕೊಳ್ಳುತ್ತದೆ. ಮೀರ್ ‘ಅಮೀರ್’ನ ತುಂಡು, ಧಾತು ಅಲಿಫ್-ಮ-ರ, ಅರಬ್ಬಿಯಲ್ಲಿ ‘ಆಜ್ಞಾಪಿಸು’, ಹೀಬ್ರೂವಿನಲ್ಲಿ ಬರೀ ‘ಹೇಳು’. ಮಿರ್ಜಾ ಎಂದರೆ ‘ಅಮೀರ್‌ಜಾದಾ’, ಅಮೀರನ ಮಗ. ಮಾರ್ ಸಿರಿಯಾಕಿನ ‘ಒಡೆಯ’, ಧಾತು ಮ-ರ-ಆಲೆಫ್. ಇಂದಿನ ಹೀಬ್ರೂವಿನಲ್ಲಿ ‘ಶ್ರೀ’ ಎನ್ನುವ ಕಡೆ ಬಳಸುವ ‘ಮಾರ್’ ಇದೇ. ಅಕ್ಷರಗಳು ಅವೇ, ಸಾಲು ಬೇರೆ, ಹಾಗಾಗಿ ಪದವೂ ಬೇರೆ. ಅಬ್ರಹಾಮ-ಬ್ರಹ್ಮರ ವಿಷಯಕ್ಕೆ ಎರಡು ನಿಮಿಷ ಸಾಕು: ಅವ್ರಾಮ್ ಹೆಸರಿನ ಮೊದಲ ‘ಅವ್’ ಎಂದರೆ ಅಪ್ಪ, ಆ ಆಲೆಫ್ ಉದುರಿದರೆ ಹೆಸರೇ ಉಳಿಯದು. ಬ್ರಹ್ಮ ಶಬ್ದದ್ದು ಸಂಸ್ಕೃತದ ಬೃಹ್ ಧಾತು. ಇಲ್ಲಿ ‘ಅಪ್ಪ’ ಮತ್ತು ‘ಅಬ್ಬಾ’ ಹೊಂದುತ್ತವಲ್ಲ ಎನ್ನುವವರಿಗೆ: ಕೂಸುಗಳು ಎಲ್ಲ ದೇಶದಲ್ಲೂ ತುಟಿ ಸೇರಿಸಿಯೇ ಮಾತು ಶುರು ಮಾಡುತ್ತವೆ, ಅದು ಸಾಕ್ಷಿಗೆ ಬರುವುದಿಲ್ಲ.

ಈ ಕೋಶ ಹಳೆಯದು ಎಂಬುದನ್ನು ಮರೆಯಬಾರದು. ಸಿರಿಯಾದ ರಾಸ್ ಶಮ್ರಾದಲ್ಲಿ ಉಗರಿತ್ ಎಂಬ ಪ್ರಾಚೀನ ಪಟ್ಟಣದ ಬರಹದ ಫಲಕಗಳು ಸಿಗಲು ಶುರುವಾದದ್ದು 1929ರಲ್ಲಿ. ‘ಕಳಿಸು’ ಎಂಬ ಆ ಧಾತು ಉಗರಿತಿಕ್‌ನಲ್ಲೂ ಇದೆ, ಆದರೆ 1906ರ ಪುಟದಲ್ಲಿ ಅದು ಇರಲು ಸಾಧ್ಯವಿಲ್ಲ. ಬೈಬಲಿನ ಒಂದೊಂದು ಮೂಲ ಪದಕ್ಕೂ ಕೊಟ್ಟಿರುವ, ಮೊಬೈಲಿನಲ್ಲಿ ಸುಲಭವಾಗಿ ಸಿಗುವ ಸ್ಟ್ರಾಂಗ್ ಸಂಖ್ಯೆಗಳು (ಮೆಲೆಖ್ 4428, ದಾವೀದ 1732, ಕೋರೆಷ 3566) ಪದ ಪತ್ತೆಹಚ್ಚಲು ಚೆನ್ನ. ಸಂಖ್ಯೆ ಹಿಡಿದು ದೊಡ್ಡ ಕೋಶಕ್ಕೆ ಹೋಗಿ, ಸ್ಟ್ರಾಂಗ್ ಕೊಡುವ ಒಂದು ಸಾಲಿನ ವ್ಯುತ್ಪತ್ತಿಯನ್ನೇ ಪ್ರಮಾಣ ಮಾಡಿಕೊಳ್ಳಬೇಡಿ.

ಪಾರಸಿಯಿಂದ ಹೀಬ್ರೂವಿಗೆ ಹೋದ ಹೆಸರು, ಬಿರುದುಗಳಿಗೆ ಮಾತ್ರ ವಿಕ್ಷನರಿಯೇ ಮೇಲು. ಧಾತುವಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ, ಪ್ರಾಚೀನ ಪಾರಸಿ ರೂಪ ಬೇಕೇ ಬೇಕು. ಕನ್ನಡ ಬೈಬಲಿನಲ್ಲಿ ಬರುವ ಪಾರಸಿ ದೊರೆಗಳ ಹೆಸರು ನೋಡಿ: ಅಹಷ್ವೇರೋಷ ಹಳೆಯ ಪಾರಸಿಯ ‘ಖ್ಷಯಾರ್ಷಾ’, ಗ್ರೀಕರ ಬಾಯಲ್ಲಿ ಜೆರ್ಕ್ಸೀಸ್. ಕೋರೆಷ ‘ಕೂರುಶ್’, ದಾರ್ಯಾವೆಷ ‘ದಾರಯವಉಶ್’. ಎಸ್ತೇರಳ ಪುಸ್ತಕದ (3:12) ‘ಅಹಷ್ದರ್ಪನ್’ ಎಂಬ ಅಧಿಕಾರಿ ‘ಖ್ಷಸ್ಸಪಾವನ್’, ಅಂದರೆ ನಮ್ಮ ಇತಿಹಾಸದ ಪಾಠದ ಕ್ಷತ್ರಪ. ಮೊದಲಿಗೇ ಬರುವ ‘ಖ್ಷ’ ಹೀಬ್ರೂ ನಾಲಗೆಗೆ ತೊಡಕಾಗಿ ಮುಂದೆ ಅಕಾರ ಸೇರಿಕೊಂಡಿದೆ, ನಮ್ಮಲ್ಲಿ ಕೆಲವರ ಬಾಯಲ್ಲಿ ಸ್ಕೂಲು ‘ಇಸ್ಕೂಲು’ ಆದ ಹಾಗೆ. ಇದೇ ‘ಖ್ಷ’ದಿಂದ ಶುರುವಾಗುವ ‘ಖ್ಷಾಯಥಿಯ’ (ದೊರೆ) ಸವೆದು ಸವೆದು ‘ಶಾಹ’ ಆಯಿತು. ಇರಾನಿನ ಬೆಹಿಸ್ತೂನ್ ಶಾಸನದಲ್ಲಿ ದಾರಯವಉಶ್ ತನ್ನನ್ನು ದೊರೆಗಳ ದೊರೆ ಎಂದು ಕರೆದುಕೊಳ್ಳುತ್ತಾನೆ, ಅದೇ ಶಹನ್‌ಶಾಹ. ಎಜ್ರನ ಪುಸ್ತಕದ (7:12) ಅರಮಾಯಿಕ್‌ನಲ್ಲಿ ಅದೇ ಬಿರುದು ‘ಮೆಲೆಖ್ ಮಲ್ಖಯ್ಯಾ’. ಇಲ್ಲಿ ಒಂದಕ್ಷರವೂ ಹೊಂದುವುದಿಲ್ಲ, ಬಿರುದು ಮಾತ್ರ ಅದೇ. ಸದ್ದನ್ನೇ ನಂಬಿ ಕೂತವರಿಗೆ ಈ ನಂಟು ಎಂದೂ ಕಾಣದು.

ವಿಕ್ಷನರಿ ಓದುವಾಗ ಎರಡು ಮಾತನ್ನು ಬೇರೆ ಬೇರೆಯಾಗಿ ನೋಡಿ: ‘ಎರವಲು’ ಎಂದಿದೆಯೋ ‘ಬಂಧು’ ಎಂದಿದೆಯೋ. ಒಂದು ದಾಟಿ ಬಂದದ್ದು, ಇನ್ನೊಂದು ಒಟ್ಟಿಗೆ ಹುಟ್ಟಿದ್ದು. ಪುಟದಿಂದ ಪುಟಕ್ಕೆ ಗುಣಮಟ್ಟ ಏರುಪೇರು. ಕೆಳಗೆ ಆಕರ ಕೊಟ್ಟಿದ್ದರೆ ನಂಬಿ, ಇಲ್ಲದಿದ್ದರೆ ಸುಳಿವು ಎಂದಷ್ಟೇ ತೆಗೆದುಕೊಳ್ಳಿ. ಎಸ್ತೇರ್ ಹೆಸರಿಗೆ ಪಾರಸಿಯ ‘ಸಿತಾರಾ’ (ನಕ್ಷತ್ರ) ಮತ್ತು ಬಾಬಿಲೋನಿನ ದೇವತೆ ಇಶ್ತಾರ್, ಎರಡು ವಿವರಣೆಗಳೂ ಚಲಾವಣೆಯಲ್ಲಿವೆ. ಒಂದನ್ನೇ ಖಚಿತವೆಂದು ಬರೆದ ಪುಟ ಕಂಡರೆ ಅನುಮಾನಿಸಿ.

ಒಂದೇ ಒಂದನ್ನು ದುಡ್ಡು ಕೊಟ್ಟು ಕೊಳ್ಳುವುದಾದರೆ ವೇರ್. ಸಣ್ಣ ಆಕಾರದ ಪೇಪರ್‌ಬ್ಯಾಕ್‌ನಲ್ಲಿ ಅಕ್ಷರ ಬಹಳ ಸಣ್ಣದು, ನಲವತ್ತು ದಾಟಿದವರು ಪಕ್ಕದಲ್ಲಿ ಭೂತಗನ್ನಡಿ ಇಟ್ಟುಕೊಳ್ಳಬೇಕು. ಮಿಕ್ಕವನ್ನು ಕೊಳ್ಳುವ ಅಗತ್ಯವಿಲ್ಲ. ಹೀಬ್ರೂ ಕೋಶದ ಹಳೆಯ ಸ್ಕ್ಯಾನ್ ಇಳಿಸಿಕೊಂಡವರು ಅದರಲ್ಲಿ ಪದ ಟೈಪ್ ಮಾಡಿ ಹುಡುಕಲು ಹೋಗಬೇಡಿ. ಹೀಬ್ರೂ, ಅರಬ್ಬಿ ಎರಡೂ ಬೆರೆತ ಪುಟವನ್ನು ಯಂತ್ರ ತಪ್ಪಾಗಿಯೇ ಓದಿರುತ್ತದೆ. ಪುಟದ ನೆತ್ತಿಯ ಧಾತು ನೋಡಿಕೊಂಡು ಕೈಯಿಂದಲೇ ಪುಟ ಸರಿಸುವುದು ಬೇಗ. ದಾನಿಯೇಲ, ಎಜ್ರ ಪುಸ್ತಕಗಳ ಅರಮಾಯಿಕ್ ಪದಗಳು ಕೊನೆಯಲ್ಲಿ ಪ್ರತ್ಯೇಕ ಭಾಗದಲ್ಲಿವೆ, ಆ ‘ಮಲ್ಖಯ್ಯಾ’ನನ್ನು ಅಲ್ಲೇ ಹುಡುಕಬೇಕು.